ನಾಲ್ಕು ಚಕ್ರ, ಎರಡು ನೊಗ

ಮಳೆಗಾಲದ ತೋಟದ ದಾರಿಯಲ್ಲಿ ಜೀಪು ಹೂತುಕೊಂಡದ್ದನ್ನು ಹಾಸನ ಸೀಮೆಯವರು ಒಮ್ಮೆಯಾದರೂ ಕಂಡಿರುತ್ತಾರೆ. ಹಿಂದಿನ ಒಂದು ಚಕ್ರ ಕೆಸರಿನಲ್ಲಿ, ಇನ್ನೊಂದು ಗಟ್ಟಿ ಕಲ್ಲಿನ ಮೇಲೆ. ಆಕ್ಸಿಲರೇಟರ್ ಒತ್ತಿದಷ್ಟೂ ಕೆಸರಿನ ಚಕ್ರ ಗಿರಗಿರನೆ ಸುತ್ತಿ ಮಣ್ಣೆರಚುತ್ತದೆ. ಕಲ್ಲಿನ ಮೇಲಿನ ಚಕ್ರ ಅಲುಗುವುದೇ ಇಲ್ಲ. ಹಿಡಿತ ಇರುವ ಚಕ್ರ ಸುಮ್ಮನಿದೆ, ಹಿಡಿತ ಇಲ್ಲದ ಚಕ್ರ ದುಡಿಯುತ್ತಿದೆ. ಎಂಜಿನ್ನಿನ ಬಲವೆಲ್ಲ ಬೇಡದ ಕಡೆಗೇ ಏಕೆ ಹೋಗುತ್ತದೆ?

ಇನ್ನೊಂದು ಒಗಟೂ ಇದೆ. ಅದೇ ಜೀಪನ್ನು ಡಾಂಬರು ರಸ್ತೆಗೆ ತಂದಾಗ ಅನುಭವಿ ಡ್ರೈವರುಗಳು ಹೇಳುವ ಮೊದಲ ಮಾತು, ‘ಫೋರ್ ವೀಲ್ ತೆಗಿ’. ತೆಗೆಯದಿದ್ದರೆ ಸ್ಟೇರಿಂಗ್ ಭಾರವಾಗುತ್ತದೆ, ಟೈರು ಕಿರುಗುಡುತ್ತದೆ, ಕೊನೆಗೆ ಲಿವರ್ ಎಳೆದರೂ ಬಾರದಷ್ಟು ಬಿಗಿದುಕೊಳ್ಳುತ್ತದೆ. ಕೆಸರಿನಲ್ಲಿ ಕಾಪಾಡಿದ ವ್ಯವಸ್ಥೆಯೇ ಒಳ್ಳೆಯ ರಸ್ತೆಯಲ್ಲಿ ಗಾಡಿಯನ್ನು ಹಾಳುಮಾಡುವುದು ಹೇಗೆ?

ಈ ಎರಡಕ್ಕೂ ಉತ್ತರ ಅಚ್ಚಿನ ನಡುವೆ, ಎಣ್ಣೆಯಲ್ಲಿ ಮುಳುಗಿರುವ ಕೆಲವೇ ಹಲ್ಲುಚಕ್ರಗಳಲ್ಲಿದೆ. ಹಳೆಯ ಜೀಪನ್ನು ಬಿಚ್ಚಿ ಮತ್ತೆ ಕಟ್ಟುವವರು ಎಂಜಿನ್ನಿಗಿಂತ ಮೊದಲು ಅರಿಯಬೇಕಾದದ್ದು ಇದನ್ನೇ.

ಒಂದು ಜಿಲ್ಲೆ, ಎರಡು ಬಗೆಯ ನೆಲ

ಹಾಸನ ನಗರದಿಂದ ಪೂರ್ವಕ್ಕೆ ಚನ್ನರಾಯಪಟ್ಟಣದ ಕಡೆ ಹೊರಟರೆ ರಾಗಿ ಹೊಲ, ತೆಂಗು, ಒಣ ಕೆಮ್ಮಣ್ಣು. ದಕ್ಷಿಣಕ್ಕೆ ಹೊಳೆನರಸೀಪುರ, ಅರಕಲಗೂಡಿನ ಕಡೆ ಹೇಮಾವತಿ ನೀರಿನ ಗದ್ದೆ, ಆಲೂಗೆಡ್ಡೆ, ಹೊಗೆಸೊಪ್ಪು. ಪಶ್ಚಿಮಕ್ಕೆ ಸುಮಾರು 40 ಕಿಲೊಮೀಟರ್ ಹೋದರೆ ಸಕಲೇಶಪುರ. ಚನ್ನರಾಯಪಟ್ಟಣಕ್ಕಿಂತ ಅಲ್ಲಿ ಎರಡುಪಟ್ಟಿಗೂ ಹೆಚ್ಚು ಮಳೆ ಬೀಳುತ್ತದೆ. ಬೆಳಿಗ್ಗೆ ಒಣ ಡಾಂಬರಿನಲ್ಲಿ ಹೊರಟ ಗಾಡಿ ಮಧ್ಯಾಹ್ನದ ಹೊತ್ತಿಗೆ ಜಾರುವ ಇಳಿಜಾರಿನಲ್ಲಿರುವುದು ಇಲ್ಲಿ ಸಾಮಾನ್ಯ. ಎರಡೂ ನೆಲದಲ್ಲಿ ಓಡಬಲ್ಲ ಗಾಡಿ ಬೇಕಿತ್ತು. ಆ ಜಾಗವನ್ನು ಜೀಪು ತುಂಬಿತು.

ಎರಡನೆಯ ಮಹಾಯುದ್ಧಕ್ಕಾಗಿ 1941ರಿಂದ 1945ರವರೆಗೆ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಕಂಪನಿಗಳು ಆರು ಲಕ್ಷಕ್ಕೂ ಹೆಚ್ಚು ಜೀಪು ತಯಾರಿಸಿದವು. ಯುದ್ಧ ಮುಗಿದ ಮೇಲೆ ಅದೇ ಗಾಡಿ ‘ಸಿಜೆ’ ಎಂಬ ಹೆಸರಿನಲ್ಲಿ ಹೊಲ, ತೋಟಗಳಿಗೆ ಬಂತು. 1940ರ ದಶಕದ ಕೊನೆಯಲ್ಲಿ ಮಹೀಂದ್ರ ಕಂಪನಿ ಭಾರತದಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸತೊಡಗಿತು. ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿಯ ತಯಾರಿಕೆ ಅಮೆರಿಕದಲ್ಲಿ 1968ಕ್ಕೆ ನಿಂತಿತು. ಇಲ್ಲಿ ಅದು ಅನೇಕ ದಶಕ ಮುಂದುವರಿಯಿತು, ಡೀಸೆಲ್ ಎಂಜಿನ್ನುಗಳನ್ನೂ ಹೊತ್ತಿತು. ಸೇನೆಯ, ಸರ್ಕಾರಿ ಇಲಾಖೆಗಳ ಹರಾಜಿನಲ್ಲಿ ಬಂದ ಜೀಪುಗಳು, ಹಿಂದೆ ತೊಟ್ಟಿ ಕಟ್ಟಿಸಿದ ಪಿಕಪ್ಪುಗಳು ಮಲೆನಾಡಿನಲ್ಲಿ ಕಾಫಿ ಮೂಟೆ, ಗೊಬ್ಬರ, ಆಳುಗಳನ್ನು ಹೊತ್ತವು. ಬಣ್ಣ, ಎಂಜಿನ್, ಮೈಕಟ್ಟು ಬದಲಾದರೂ ಅಡಿಯಲ್ಲಿರುವ ಯಂತ್ರದ ತತ್ವ ಮಾತ್ರ ಅದೇ ಉಳಿದಿದೆ.

ತಿರುವಿನ ಲೆಕ್ಕ

ಗಾಡಿ ನೇರವಾಗಿ ಹೋಗುವಾಗ ಎಡ ಬಲದ ಚಕ್ರಗಳು ಒಂದೇ ದೂರ ಉರುಳುತ್ತವೆ. ತಿರುಗಿದಾಗ ಹಾಗಲ್ಲ. ಹೊರಬದಿಯ ಚಕ್ರದ ಹಾದಿ ದೊಡ್ಡದು, ಒಳಬದಿಯದು ಚಿಕ್ಕದು.

ಹಳೆಯ ಜೀಪಿನ ಎಡ ಬಲ ಚಕ್ರಗಳ ನಡುವಿನ ಅಂತರ ಸುಮಾರು 1.23 ಮೀಟರ್. ಅದು ಒಂದು ಪೂರ್ತಿ ಸುತ್ತು ತಿರುಗಿದರೆ ಹೊರಚಕ್ರ ಒಳಚಕ್ರಕ್ಕಿಂತ ಸುಮಾರು 7.7 ಮೀಟರ್ ಹೆಚ್ಚು ಉರುಳಬೇಕು. ಸುತ್ತು ಚಿಕ್ಕದಿರಲಿ, ಊರಗಲ ಇರಲಿ, ಈ ವ್ಯತ್ಯಾಸ ಬದಲಾಗುವುದಿಲ್ಲ. ಅದನ್ನು ನಿರ್ಧರಿಸುವುದು ಎರಡು ಚಕ್ರಗಳ ನಡುವಿನ ಅಂತರ ಮಾತ್ರ. ಜೀಪಿನ ಟೈರು ಒಮ್ಮೆ ಉರುಳಿದರೆ ಸುಮಾರು 2.25 ಮೀಟರ್ ಸಾಗುತ್ತದೆ. ಎಂದರೆ ಪೂರ್ತಿ ಸುತ್ತಿಗೆ ಹೊರಚಕ್ರ ಮೂರೂವರೆ ಉರುಳಿನಷ್ಟು ಹೆಚ್ಚು ತಿರುಗಬೇಕು. ಘಟ್ಟದ ಒಂದು ಹಿಮ್ಮುರಿ ತಿರುವು ಅರ್ಧ ಸುತ್ತು. ಅಲ್ಲಿ ವ್ಯತ್ಯಾಸ ಒಂದೂಮುಕ್ಕಾಲು ಉರುಳಿಗೆ ಹತ್ತಿರ.

ಎರಡು ಚಕ್ರಗಳನ್ನೂ ಒಂದೇ ಸರಳಿಗೆ ಬೆಸುಗೆ ಹಾಕಿದ್ದರೆ ತಿರುವಿನಲ್ಲೆಲ್ಲ ಒಂದು ಟೈರು ನೆಲವನ್ನು ಉಜ್ಜಿಕೊಂಡೇ ಹೋಗಬೇಕಿತ್ತು. ಟೈರು ಸವೆಯುತ್ತಿತ್ತು, ಅಚ್ಚು ತಿರುಚಿ ಮುರಿಯುತ್ತಿತ್ತು. ಹಾಗಾಗಿ ಅಚ್ಚನ್ನು ನಡುವೆ ಕತ್ತರಿಸಿ ಎರಡು ತುಂಡು ಮಾಡಿದ್ದಾರೆ. ಆದರೆ ಎಂಜಿನ್ನಿನ ಬಲ ಎರಡೂ ತುಂಡಿಗೆ ಮುಟ್ಟಬೇಕು, ಎರಡೂ ತಮ್ಮ ತಮ್ಮ ವೇಗದಲ್ಲಿ ತಿರುಗಲೂ ಬೇಕು. ಇದಕ್ಕೊಂದು ಉಪಾಯ ಬೇಕಿತ್ತು.

ನೊಗ ಹೇಳುವ ಉತ್ತರ

ಆ ಉಪಾಯ ಉಳುವವರ ಕೈಯಲ್ಲಿ ಸಾವಿರಾರು ವರ್ಷಗಳಿಂದ ಇದೆ. ನೇಗಿಲಿನ ಈಸಿಗೆ ನೊಗವನ್ನು ನಟ್ಟನಡುವೆ ಮಿಣಿಯಲ್ಲಿ ಕಟ್ಟುತ್ತಾರೆ. ನೊಗದ ಎರಡು ತುದಿಗೆ ಎರಡು ಹಳ್ಳಿಕಾರ್ ಎತ್ತು. ಎಡದೆತ್ತು ಒಂದು ಗೇಣು ಮುಂದೆ ಹೋದರೆ ನೊಗ ಓರೆಯಾಗುತ್ತದೆ, ಬಲದೆತ್ತು ಅಷ್ಟು ಹಿಂದುಳಿಯುತ್ತದೆ, ಆದರೂ ನೇಗಿಲು ಸಾಗುತ್ತಲೇ ಇರುತ್ತದೆ. ಇದರಲ್ಲಿ ಎರಡು ನಿಯಮಗಳಿವೆ.

ಒಂದು, ನಡಿಗೆಯ ನಿಯಮ. ನೊಗದ ನಡುಭಾಗ ಸಾಗುವ ದೂರ ಎರಡೂ ಎತ್ತಿನ ನಡಿಗೆಯ ಸರಾಸರಿ. ಒಂದು ಎತ್ತು ನಿಂತುಬಿಟ್ಟರೆ ನಡುಭಾಗ ಒಂದು ಅಡಿ ಸಾಗಲು ಇನ್ನೊಂದು ಎರಡು ಅಡಿ ನಡೆಯಬೇಕು.

ಎರಡು, ಬಲದ ನಿಯಮ. ನಡುವೆ ಕಟ್ಟಿದ ನೊಗದ ಎರಡೂ ತುದಿಯಲ್ಲಿ ಎಳೆತ ಒಂದೇ ಆಗಿರಬೇಕು. ಬಲದೆತ್ತು ಎಷ್ಟೇ ಗಟ್ಟಿಮುಟ್ಟಾಗಿರಲಿ, ಎಡದೆತ್ತು ಎಳೆಯುವುದನ್ನು ಬಿಟ್ಟರೆ ನೊಗ ಸುಮ್ಮನೆ ತಿರುಗಿಕೊಳ್ಳುತ್ತದೆ. ಗಟ್ಟಿ ಎತ್ತಿನ ಬಲ ನೇಗಿಲಿಗೆ ಮುಟ್ಟುವುದಿಲ್ಲ. ಜೋಡಿಯ ಒಟ್ಟು ಎಳೆತ ದುರ್ಬಲ ಎತ್ತಿನ ಎರಡರಷ್ಟು, ಅದಕ್ಕಿಂತ ಹೆಚ್ಚಿಲ್ಲ.

ಈಗ ನೊಗದ ನಡುವೆ ಎಂಜಿನ್ನನ್ನೂ ತುದಿಗಳಲ್ಲಿ ಎರಡು ಚಕ್ರಗಳನ್ನೂ ಇಟ್ಟು ಯೋಚಿಸಿ. ಎತ್ತು ಎಳೆಯುವ ಜಾಗದಲ್ಲಿ ನೆಲ ಚಕ್ರಕ್ಕೆ ಕೊಡುವ ಹಿಡಿತ ಇರುತ್ತದೆ. ಲೆಕ್ಕ ಒಂದಿಷ್ಟೂ ಬದಲಾಗುವುದಿಲ್ಲ.

ತಿರುಗುತ್ತಲೇ ಇರುವ ನೊಗ

ಮರದ ನೊಗ ಸ್ವಲ್ಪವೇ ಓರೆಯಾಗಬಲ್ಲದು. ಜೀಪು ದಿನವಿಡೀ ತಿರುಗುತ್ತಿರಬಹುದು. ಆದ್ದರಿಂದ ನೊಗದ ಬದಲು ಒಂದು ಚಿಕ್ಕ ಹಲ್ಲುಚಕ್ರ ಇಟ್ಟರು. ಅದರ ಒಂದು ಬದಿಯ ಹಲ್ಲು ಎಡ ಅಚ್ಚಿನ ಗೇರನ್ನು ತಳ್ಳುತ್ತದೆ, ಎದುರು ಬದಿಯ ಹಲ್ಲು ಬಲ ಅಚ್ಚಿನ ಗೇರನ್ನು. ಒಂದು ಹಲ್ಲು ದಾಟಿದರೆ ಮುಂದಿನದು ಸಿದ್ಧವಾಗಿರುವುದರಿಂದ ಈ ನೊಗ ಎಷ್ಟು ಬೇಕಾದರೂ ತಿರುಗಬಹುದು. ಗ್ಯಾರೇಜಿನ ಮೇಸ್ತ್ರಿಗಳು ಇದನ್ನು ಸ್ಟಾರ್ ಪಿನಿಯನ್ ಎನ್ನುತ್ತಾರೆ. ನಾವು ನೊಗಚಕ್ರ ಎನ್ನೋಣ. ನೊಗಚಕ್ರಗಳನ್ನು ಹೊತ್ತ ಗೂಡು ‘ಕ್ರೌನ್’ ಎಂಬ ದೊಡ್ಡ ಗೇರಿಗೆ ಬಿಗಿದಿರುತ್ತದೆ. ಎಂಜಿನ್ನಿನ ಕಡೆಯಿಂದ ಬಂದ ‘ಪಿನಿಯನ್’ ಆ ಕ್ರೌನನ್ನು ತಿರುಗಿಸುತ್ತದೆ. ಇಡೀ ಜೋಡಣೆಗೆ ಡಿಫರೆನ್ಷಿಯಲ್ ಎಂದು ಹೆಸರು. ಬಲವನ್ನು ಸಮನಾಗಿ ಪಾಲು ಮಾಡುವುದರಿಂದ ನಾವು ಸಮಪಾಲು ಗೇರ್ ಎನ್ನಬಹುದು.

ಇದು ಮೋಟಾರು ಕಾರಿಗಿಂತ ಹಳೆಯದು. ಪ್ಯಾರಿಸ್ಸಿನ ಗಡಿಯಾರ ಕುಶಲಿ ಒನೆಸಿಫೋರ್ ಪೆಕ್ಯೂರ್ 1820ರ ದಶಕದ ಕೊನೆಯಲ್ಲೇ ಆವಿಬಂಡಿಗಾಗಿ ಇದರ ಪೇಟೆಂಟ್ ಪಡೆದಿದ್ದ.

ಜೀಪಿನ ಹಿಂದಿನ ಎರಡೂ ಚಕ್ರಗಳನ್ನು ಜ್ಯಾಕಿನಿಂದ ಎತ್ತಿ, ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಗೇರಿನಲ್ಲಿಟ್ಟು ಒಂದು ಚಕ್ರವನ್ನು ಕೈಯಿಂದ ಮುಂದಕ್ಕೆ ತಿರುಗಿಸಿ ನೋಡಿ. ಇನ್ನೊಂದು ಚಕ್ರ ಹಿಂದಕ್ಕೆ ತಿರುಗುತ್ತದೆ. ಕ್ರೌನ್ ನಿಂತಿದೆ, ಸರಾಸರಿ ಸೊನ್ನೆಯಾಗಬೇಕು. ನಡಿಗೆಯ ನಿಯಮ ಕಣ್ಣಿಗೇ ಕಾಣುತ್ತದೆ.

ಕೆಸರಿನ ಚಕ್ರ ಎಷ್ಟು ಹೇಳುತ್ತದೋ ಅಷ್ಟು

ಈಗ ಹೂತ ಜೀಪಿನ ಲೆಕ್ಕ ಸುಲಭ. ಕೆಸರಿನ ಚಕ್ರಕ್ಕೆ ನೆಲ 20 ಕೆ.ಜಿ.ಯಷ್ಟು ಹಿಡಿತ ಕೊಡಬಲ್ಲದು, ಕಲ್ಲಿನ ಮೇಲಿನದಕ್ಕೆ 200 ಕೆ.ಜಿ.ಯಷ್ಟು ಎಂದುಕೊಳ್ಳಿ. ಒಟ್ಟು 220 ಸಿಗಬೇಕಲ್ಲ ಅನಿಸುತ್ತದೆ. ಸಿಗುವುದು 40. ಕೆಸರಿನಲ್ಲಿ 20, ಅದಕ್ಕೆ ಸಮನಾಗಿ ಕಲ್ಲಿನ ಮೇಲೂ 20. ಗಾಡಿ ಏಳಲು ಅಷ್ಟು ಸಾಲದು.

ಬಲವೆಲ್ಲ ಕೆಸರಿನ ಚಕ್ರಕ್ಕೆ ಹೋಗುತ್ತಿದೆ ಎನ್ನುವ ಮಾತು ಹಾಗಾಗಿ ಸರಿಯಲ್ಲ. ಬಲ ಎರಡಕ್ಕೂ ಸಮನಾಗಿಯೇ ಹೋಗುತ್ತಿದೆ. ತಳ್ಳಿದ್ದಕ್ಕೆ ನೆಲ ಎದುರು ತಳ್ಳದಿದ್ದರೆ ಬಲವೆಂಬುದು ಹುಟ್ಟುವುದೇ ಇಲ್ಲ. ಎಂಜಿನ್ 60 ಅಶ್ವಶಕ್ತಿಯದಿರಲಿ, 100ರದಿರಲಿ, ಎದುರು ತಳ್ಳದ ಕೆಸರಿನ ಮುಂದೆ ಎರಡೂ ಒಂದೇ. ಕಲ್ಲಿನ ಮೇಲಿನ ಚಕ್ರ ನಿಂತಿರುವುದರಿಂದ ಕೆಸರಿನದು ಕ್ರೌನಿನ ಎರಡರಷ್ಟು ವೇಗದಲ್ಲಿ ಸುತ್ತಿ ತನ್ನ ಗುಂಡಿಯನ್ನು ತಾನೇ ಆಳ ಮಾಡಿಕೊಳ್ಳುತ್ತದೆ.

ಕಲ್ಲು, ಸೊಪ್ಪು, ಗೋಣಿಚೀಲ ಯಾವುದಿದ್ದರೂ ಸುತ್ತುವ ಚಕ್ರದ ಅಡಿಗೇ ಕೊಡಬೇಕು. ಅಲ್ಲಿ ಹಿಡಿತ 20ರಿಂದ 80ಕ್ಕೆ ಏರಿದರೆ ಒಟ್ಟು 160 ಆಗುತ್ತದೆ. ನಿಂತ ಚಕ್ರದ ಅಡಿ ಎಷ್ಟು ಸುರಿದರೂ 40ರ ಮೇಲೆ ಒಂದೂ ಹೆಚ್ಚದು. ಟ್ರ್ಯಾಕ್ಟರಿನವರಿಗೆ ಇದಕ್ಕೊಂದು ಪೆಡಲ್ ಇದೆ. ಒಂದು ಚಕ್ರ ಜಾರಿದಾಗ ಡಿಫ್ ಲಾಕ್ ತುಳಿದರೆ ನೊಗಚಕ್ರ ತಿರುಗದಂತೆ ಬಿಗಿಯಾಗಿ ಎರಡು ಅಚ್ಚುಗಳೂ ಒಂದೇ ಸರಳಾಗುತ್ತವೆ. ಆಗ ಸಿಗುವುದು ಪೂರ್ತಿ 220. ಕಾಲು ತೆಗೆಯದೆ ಗಟ್ಟಿ ನೆಲದಲ್ಲಿ ತಿರುಗಬಾರದು ಎಂದು ಹೇಳುವುದೂ ಅಚ್ಚುಗಳು ಹೀಗೆ ಒಂದೇ ಸರಳಾಗುವುದರಿಂದಲೇ. ಹಳೆಯ ಜೀಪಿನಲ್ಲಿ ಆ ಪೆಡಲ್ ಇಲ್ಲ.

ಎರಡನೆಯ ನೊಗ ಸೇರಿದಾಗ

ಜೀಪಿನಲ್ಲಿರುವುದು ಇನ್ನೊಂದು ದಾರಿ. ಗೇರ್ ಬಾಕ್ಸಿನ ಹಿಂದೆ ಒಂದು ಹಂಚುಪೆಟ್ಟಿಗೆ ಇದೆ, ಟ್ರಾನ್ಸ್‌ಫರ್ ಕೇಸ್ ಎನ್ನುತ್ತಾರೆ. ಅದರಿಂದ ಒಂದು ಶಾಫ್ಟು ಹಿಂದಿನ ಅಚ್ಚಿಗೂ ಒಂದು ಮುಂದಿನ ಅಚ್ಚಿಗೂ ಹೋಗುತ್ತದೆ. ಹಳೆಯ ಜೀಪಿನ ಹಿಂದೆ ಬಗ್ಗಿ ನೋಡಿದರೆ ಅಚ್ಚಿನ ಗುಂಡನೆಯ ಉಬ್ಬು ನಡುವಿನಲ್ಲಿಲ್ಲದೆ ಬಲಕ್ಕೆ ಸರಿದಿರುತ್ತದೆ. ಹಂಚುಪೆಟ್ಟಿಗೆಯಿಂದ ಶಾಫ್ಟುಗಳು ಬಲಬದಿಯಲ್ಲಿ ಹೊರಬರುವುದೇ ಇದಕ್ಕೆ ಕಾರಣ.

ಲಿವರ್ ಎಳೆದು ಫೋರ್ ವೀಲ್ ಹಾಕಿದಾಗ ಮುಂದಿನ ಶಾಫ್ಟು ಹಿಂದಿನದಕ್ಕೆ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಇವೆರಡರ ನಡುವೆ ಸಮಪಾಲು ಗೇರ್ ಇಲ್ಲ. ಆದ್ದರಿಂದ ಹಿಂದಿನ ಅಚ್ಚಿನ ದೌರ್ಬಲ್ಯ ಮುಂದಿನ ಅಚ್ಚನ್ನು ಕಟ್ಟಿಹಾಕುವುದಿಲ್ಲ. ಹಿಂದೆ ಸಿಗುತ್ತಿದ್ದದ್ದು 40. ಮುಂದಿನ ಎರಡೂ ಚಕ್ರ ಗಟ್ಟಿ ನೆಲದಲ್ಲಿದ್ದರೆ ಅಲ್ಲಿಂದ 400. ಜೀಪು ಎದ್ದು ಬರುತ್ತದೆ.

ಮುಂದೆಯೂ ಒಂದು ಚಕ್ರ ಕೆಸರಿನಲ್ಲಿದ್ದರೆ? ಹಿಂದೆ 40, ಮುಂದೆ 40, ಒಟ್ಟು 80. ಓರೆಯಾದ ಗುಂಡಿಯಲ್ಲಿ ಮುಂದಿನ ಎಡಚಕ್ರ, ಹಿಂದಿನ ಬಲಚಕ್ರ ಗಾಳಿಯಲ್ಲಿ ತೂಗಿದಾಗ ಫೋರ್ ವೀಲ್ ಹಾಕಿಯೂ ಜೀಪು ನಿಲ್ಲುವುದು ಇದರಿಂದಲೇ. ನಾಲ್ಕು ಚಕ್ರದ ಗಾಡಿಗೆ ಬೇಕಾದದ್ದು ಯಾವುದಾದರೂ ಒಂದು ಅಚ್ಚಿನ ಎರಡೂ ಚಕ್ರಗಳಿಗೆ ಹಿಡಿತ. ಈ ಒಂದು ಮಾತು ನೆನಪಿದ್ದರೆ ಡ್ರೈವರ್ ಗುಂಡಿಗೆ ಇಳಿಯುವ ಮುಂಚೆಯೇ ದಾರಿ ಆರಿಸಿಕೊಳ್ಳುತ್ತಾನೆ.

ಹಂಚುಪೆಟ್ಟಿಗೆಯಲ್ಲಿ ನಿಧಾನದ ಗೇರೂ ಇದೆ. ಸಿಜೆ ಜೀಪಿನಲ್ಲಿ ಅದನ್ನು ಹಾಕಿ ಒಂದನೇ ಗೇರಿನಲ್ಲಿ ಹೊರಟರೆ ಎಂಜಿನ್ ಸುಮಾರು 37 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಅಷ್ಟೊಂದು ತಿರುಚು ಬಲವನ್ನು ಹಿಂದಿನ ಅಚ್ಚೊಂದೇ ತಾಳಲಾರದು. ಅದಕ್ಕೆಂದೇ ಮುಂದಿನ ಅಚ್ಚು ಸೇರದ ಹೊರತು ನಿಧಾನದ ಗೇರ್ ಬೀಳದಂತೆ ಒಳಗೆ ಒಂದು ತಡೆ ಇಟ್ಟಿದ್ದಾರೆ.

ಡಾಂಬರಿನ ಮೇಲೆ ಒಳಬಿಗಿತ

ಮುಂದಿನ ಅಚ್ಚು, ಹಿಂದಿನ ಅಚ್ಚು ಎರಡೂ ಒಂದೇ ಲೆಕ್ಕದಲ್ಲಿ ತಿರುಗಲೇಬೇಕೆಂದು ಕಟ್ಟಿದ್ದೇವೆ. ಆದರೆ ತಿರುವಿನಲ್ಲಿ ಅವು ಬೇರೆ ಬೇರೆ ಹಾದಿ ಹಿಡಿಯುತ್ತವೆ. ಜೀಪಿನ ಎರಡು ಅಚ್ಚುಗಳ ನಡುವಿನ ಅಂತರ 2.03 ಮೀಟರ್. ಹಿಂದಿನ ಅಚ್ಚಿನ ನಡುಭಾಗ 5 ಮೀಟರ್ ತ್ರಿಜ್ಯದಲ್ಲಿ ಸುತ್ತಿದರೆ ಮುಂದಿನದು ಸುಮಾರು 5.4 ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತದೆ. ಒಂದು ಸುತ್ತಿಗೆ ಎರಡೂವರೆ ಮೀಟರ್ ವ್ಯತ್ಯಾಸ.

ಕೆಸರಿನಲ್ಲಿ, ಸಡಿಲ ಮಣ್ಣಿನಲ್ಲಿ ಟೈರು ಸ್ವಲ್ಪ ಸ್ವಲ್ಪವೇ ಜಾರಿ ಆ ವ್ಯತ್ಯಾಸವನ್ನು ತೀರಿಸಿಬಿಡುತ್ತದೆ. ಒಣ ಡಾಂಬರು ಜಾರಲು ಬಿಡುವುದಿಲ್ಲ. ತೀರದ ವ್ಯತ್ಯಾಸ ಶಾಫ್ಟುಗಳಲ್ಲಿ, ಅಚ್ಚುಗಳಲ್ಲಿ, ಗೇರಿನ ಹಲ್ಲುಗಳಲ್ಲಿ ತಿರುಚಾಗಿ ಸೇರುತ್ತಾ ಹೋಗುತ್ತದೆ. ಇದೇ ಒಳಬಿಗಿತ. ಲಿವರ್ ಬಾರದಿರುವುದು ಕಚ್ಚಿಕೊಂಡ ಹಲ್ಲುಗಳ ನಡುವೆ ಈ ತಿರುಚು ಒತ್ತಿ ಹಿಡಿದಿರುವುದರಿಂದ. ಆಗ ಸುತ್ತಿಗೆ ಬೇಡ. ಗಾಡಿಯನ್ನು ಕೆಲವು ಮೀಟರ್ ನೇರ ಹಿಂದಕ್ಕೆ ತೆಗೆದರೆ ತಿರುಚು ಬಿಚ್ಚಿಕೊಂಡು ಲಿವರ್ ಸಡಿಲವಾಗುತ್ತದೆ. ಸದಾ ನಾಲ್ಕೂ ಚಕ್ರ ಎಳೆಯುವ ಗಾಡಿಗಳಲ್ಲಿ, 1970ರ ರೇಂಜ್ ರೋವರ್ ಅಂಥದ್ದು, ಎರಡು ಅಚ್ಚುಗಳ ನಡುವೆ ಮೂರನೆಯ ಸಮಪಾಲು ಗೇರ್ ಇಟ್ಟು ಈ ತೊಡಕನ್ನು ತಪ್ಪಿಸಿದ್ದಾರೆ.

ಬಿಚ್ಚಿದಾಗ ನೋಡಬೇಕಾದದ್ದು

ಹಳೆಯ ಜೀಪು ಕಟ್ಟುವವರು ಗುಜರಿಯಿಂದ ಒಂದೊಂದು ಭಾಗ ಹುಡುಕಿ ತರುತ್ತಾರೆ. ಅಪಾಯ ಇರುವುದು ಅಲ್ಲಿಯೇ. ಯುದ್ಧಕಾಲದ ಜೀಪಿನ ಪಿನಿಯನ್ನಿಗೆ 8 ಹಲ್ಲು, ಕ್ರೌನಿಗೆ 39. ಆಮೇಲಿನ ಸಿಜೆ ಜೀಪಿಗೆ 8 ಮತ್ತು 43. ಹೊರಗಿನಿಂದ ನೋಡಿದರೆ ಅಚ್ಚುಗಳು ಒಂದೇ ತರಹ. ಮುಂದೆ ಒಂದು ಬಗೆ, ಹಿಂದೆ ಇನ್ನೊಂದು ಬಗೆ ಕೂರಿಸಿದರೆ ಲೆಕ್ಕ ಶೇಕಡ 10ರಷ್ಟು ತಪ್ಪುತ್ತದೆ. ಫೋರ್ ವೀಲ್ ಹಾಕಿ ನೂರು ಮೀಟರ್ ನೇರ ಹೋದರೂ ಒಂದು ಅಚ್ಚು ಹತ್ತು ಮೀಟರ್ ಹೆಚ್ಚು ಉರುಳಲು ಎಳೆಯುತ್ತದೆ. ಎರಡೇ ಚಕ್ರದ ಎಳೆತದಲ್ಲಿ ಓಡಿಸುತ್ತಿರುವವರೆಗೆ ಈ ತಪ್ಪು ಗೊತ್ತೇ ಆಗುವುದಿಲ್ಲ. ಗೂಡು ಬಿಚ್ಚದೆಯೂ ಪರೀಕ್ಷಿಸಬಹುದು. ಎರಡೂ ಚಕ್ರ ಎತ್ತಿ, ಶಾಫ್ಟಿಗೆ ಸುಣ್ಣದ ಗುರುತು ಹಾಕಿ, ಎರಡು ಚಕ್ರಗಳನ್ನೂ ಒಟ್ಟಿಗೆ ಒಂದು ಸುತ್ತು ತಿರುಗಿಸಿ. ಶಾಫ್ಟು ಐದು ಸುತ್ತಿಗೆ ತುಸು ಕಡಿಮೆ ತಿರುಗಿದರೆ 39ರದು, ಐದನ್ನು ದಾಟಿ ಇನ್ನೂ ಮೂರನೇ ಒಂದು ಸುತ್ತು ತಿರುಗಿದರೆ 43ರದು.

ಟೈರಿಗೂ ಇದೇ ನಿಯಮ. ಮುಂದೆ ಹೊಸ ಟೈರು, ಹಿಂದೆ ಆರೇಳು ಮಿಲಿಮೀಟರ್ ಸವೆದದ್ದು ಹಾಕಿದರೆ ನೂರು ಮೀಟರಿಗೆ ಒಂದೂವರೆ ಎರಡು ಮೀಟರ್ ಅಂತರ ಬೀಳುತ್ತದೆ. ನಾಲ್ಕೂ ಒಂದೇ ಅಳತೆ, ಒಂದೇ ಸವೆತದವಾಗಿರಬೇಕು, ಗಾಳಿಯೂ ಸರಿಯಾಗಿರಬೇಕು.

ಗೂಡು ಬಿಚ್ಚಿದರೆ ಮೊದಲು ನೊಗಚಕ್ರದ ಪಿನ್ನು, ವಾಷರು ನೋಡಿ. ಸಾಮಾನ್ಯ ಓಡಾಟದಲ್ಲಿ ನೊಗಚಕ್ರ ತಿರುವಿನಲ್ಲಷ್ಟೇ ಮೆಲ್ಲಗೆ ತಿರುಗುವಂಥದ್ದು. ಕೆಸರಿನಲ್ಲಿ ಒಂದೇ ಚಕ್ರವನ್ನು ಬಹಳ ಹೊತ್ತು ಸುತ್ತಿಸಿದಾಗ ಅದು ತನ್ನ ಪಿನ್ನಿನ ಮೇಲೆ ರಭಸದಿಂದ ತಿರುಗಿ, ಎಣ್ಣೆ ಸಾಲದೆ ಸುಟ್ಟು ಕೆರೆದುಹೋಗುತ್ತದೆ. ಪಿನ್ನಿನ ಮೇಲೆ ಗೀರುಗಳಿದ್ದರೆ ಆ ಜೀಪು ಎಷ್ಟು ಸಲ ಹೂತಿದೆ, ಡ್ರೈವರ್ ಎಷ್ಟು ಅವಸರ ಪಟ್ಟಿದ್ದಾನೆ ಎಂಬುದು ಅಲ್ಲಿ ಬರೆದಂತಿರುತ್ತದೆ.

ಕ್ರೌನು, ಪಿನಿಯನ್ನು ಯಾವಾಗಲೂ ಜೋಡಿಯಾಗಿಯೇ ಬದಲಾಗಬೇಕು. ಕಾರ್ಖಾನೆಯಲ್ಲಿ ಒಂದಕ್ಕೊಂದು ತೀಡಿ ಹೊಂದಿಸಿದ ಹಲ್ಲುಗಳವು. ಕೂರಿಸುವಾಗ ಹಲ್ಲುಗಳ ನಡುವೆ ಮಿಲಿಮೀಟರಿನ ಹತ್ತನೇ ಒಂದೆರಡು ಭಾಗದಷ್ಟು ‘ಪ್ಲೇ’ ಉಳಿಯಬೇಕು. ಕಡಿಮೆಯಾದರೆ ಎಣ್ಣೆಯ ಪದರಕ್ಕೆ ಜಾಗವಿಲ್ಲದೆ ಕಾಯುತ್ತದೆ, ಹೆಚ್ಚಾದರೆ ಹಲ್ಲು ಹಲ್ಲಿಗೆ ಬಡಿದು ಮುರಿಯುತ್ತದೆ. ತೆಳು ಶಿಮ್ಮುಗಳನ್ನು ಸೇರಿಸಿ ತೆಗೆದು ಮೇಸ್ತ್ರಿ ಇದನ್ನು ಹೊಂದಿಸುತ್ತಾರೆ. ಹಲ್ಲಿಗೆ ‘ಬ್ಲೂ’ ಎಂಬ ನೀಲಿ ಬಣ್ಣ ಹಚ್ಚಿ ತಿರುಗಿಸಿ, ಗುರುತು ಹಲ್ಲಿನ ನಡುಭಾಗದಲ್ಲಿ ಬಿದ್ದಿದೆಯೇ ಎಂದು ನೋಡುತ್ತಾರೆ. ಇದಕ್ಕೆ ಬೇಕಾದ ತಾಳ್ಮೆ, ಬೆರಳ ತುದಿಯ ಅಳತೆ ದೊಡ್ಡ ವಿದ್ಯೆ. ಈ ವಿದ್ಯೆ ಬಲ್ಲವರಿಗೆ ಸಲ್ಲಬೇಕಾದ ಗೌರವವೂ ಅಷ್ಟೇ ದೊಡ್ಡದು.

ಬಿಚ್ಚಿದಾಗ ಹೊರಬರುವ ಎಣ್ಣೆ ಹಾಲಿನ ಬಣ್ಣದ್ದಾಗಿದ್ದರೆ ಒಳಗೆ ನೀರು ಸೇರಿದೆ. ಓಡಿ ಕಾದ ಅಚ್ಚಿನ ಗೂಡು ತಣ್ಣನೆಯ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಗಾಳಿರಂಧ್ರದಿಂದಲೋ ಹಳತಾದ ಆಯಿಲ್ ಸೀಲಿನಿಂದಲೋ ನೀರನ್ನು ಹೀರುತ್ತದೆ. ರಂಧ್ರಕ್ಕೆ ಒಂದು ರಬ್ಬರ್ ಕೊಳವೆ ಸಿಕ್ಕಿಸಿ ಮೇಲಕ್ಕೆ ಒಯ್ದರೆ, ಸೀಲು ಬದಲಿಸಿದರೆ ಸಾಕು.

ಒಂದು ಎಚ್ಚರಿಕೆ ಪ್ರಾಣಕ್ಕೆ ಸಂಬಂಧಿಸಿದ್ದು. ಹಳೆಯ ಜೀಪಿನ ಹ್ಯಾಂಡ್ ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಹಂಚುಪೆಟ್ಟಿಗೆಯ ಹಿಂದೆ ಶಾಫ್ಟನ್ನು ಹಿಡಿಯುತ್ತದೆ. ಪಂಕ್ಚರಾದ ಹಿಂದಿನ ಒಂದು ಚಕ್ರವನ್ನು ಜ್ಯಾಕಿನಿಂದ ಎತ್ತಿದ ಕ್ಷಣ ಅದು ಹಿಂದಕ್ಕೆ ತಿರುಗಬಲ್ಲದು, ನೆಲದ ಮೇಲಿನದು ಮುಂದಕ್ಕೆ ಉರುಳಬಲ್ಲದು. ಬ್ರೇಕ್ ಎಳೆದೇ ಇದ್ದರೂ ಜೀಪು ಜ್ಯಾಕಿನಿಂದ ಜಾರುತ್ತದೆ. ಎತ್ತುವ ಮುಂಚೆ ಉಳಿದ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಡಲೇಬೇಕು, ಫೋರ್ ವೀಲನ್ನೂ ಹಾಕಿರಬೇಕು.

ಕಟ್ಟಿದ ಮೇಲಿನ ಪರೀಕ್ಷೆ

ಜೀಪು ಕಟ್ಟುವವರಲ್ಲಿ ಹೆಚ್ಚಿನವರು ಎಂಜಿನ್ನಿನಿಂದ ಶುರುಮಾಡಿ ಬಣ್ಣದಲ್ಲಿ ಹಣ ಮುಗಿಸುತ್ತಾರೆ. ಮೊದಲು ಎರಡೂ ಅಚ್ಚುಗಳ ಹಲ್ಲು ಎಣಿಸಬೇಕು, ಟೈರು ಅಳೆಯಬೇಕು, ಆಮೇಲೆ ಉಳಿದದ್ದು. ಎಲ್ಲ ಜೋಡಿಸಿದ ಮೇಲೆ ಕೆರೆಯಂಗಳದಂಥ ಮಟ್ಟಸವಾದ ಮಣ್ಣಿನ ಬಯಲಿಗೆ ಒಯ್ದು, ಫೋರ್ ವೀಲ್ ಹಾಕಿ ನೂರಿನ್ನೂರು ಮೀಟರ್ ನೇರವಾಗಿ ಓಡಿಸಿ. ನಿಲ್ಲಿಸುವ ಮುಂಚೆ ಆಕ್ಸಿಲರೇಟರಿನಿಂದ ಕಾಲು ತೆಗೆದು ಲಿವರನ್ನು ಎರಡೇ ಬೆರಳಿನಿಂದ ಎಳೆಯಿರಿ. ತಾನಾಗಿ ಬಂದರೆ ಮುಂದಿನ ಅಚ್ಚು, ಹಿಂದಿನ ಅಚ್ಚು ಒಂದೇ ಲೆಕ್ಕದಲ್ಲಿವೆ, ಕಟ್ಟಿದ್ದು ಸರಿಯಾಗಿದೆ. ಬಿಗಿ ಹಿಡಿದರೆ ಎಲ್ಲೋ ಒಂದು ಕಡೆ ಅಳತೆ ತಪ್ಪಿದೆ. ಆಗ ಗ್ಯಾರೇಜಿಗೆ ಮರಳಿ ಟೈರಿನಿಂದ ಶುರುಮಾಡಿ ಹಲ್ಲುಗಳವರೆಗೆ ಮತ್ತೊಮ್ಮೆ ಎಣಿಸಬೇಕು.